ಮಕ್ಕಳ ಓದಿಗೂ ಅಕ್ಕಡಿ ಸಾಲು ಬೇಕು

ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ಮರುದಿನ ನಮ್ಮೂರ ಡೇರಿಯಲ್ಲಿ ಹಾಲಿನ ಮಾತಿಗಿಂತ ಮಾರ್ಕ್ಸಿನ ಮಾತೇ ಜಾಸ್ತಿ. ಈ ಸಲವೂ ಹಾಗೇ ಆಯಿತು. ಕ್ಯಾನು ಕೆಳಗಿಟ್ಟು ಸರದಿಯಲ್ಲಿ ನಿಂತಿದ್ದೆ. ಪಕ್ಕದ ಹೊಲದವನು ಹತ್ತಿರ ಬಂದ.

"ಅಣ್ಣಾ, ನಮ್ಮ ಹುಡುಗಿ ಫಸ್ಟ್ ಕ್ಲಾಸಲ್ಲಿ ಪಾಸಾಗವಳೆ. ಸೈನ್ಸ್ ತಗೋತೀನಿ ಅಂತಾಳೆ. ಯಾವ ಕಾಂಬಿನೇಷನ್ನು ಕೊಡಿಸಬೇಕು? ನಿಮ್ಮ ಹುಡುಗನ್ನ ನೀವು ಇಂಜಿನಿಯರ್ ಮಾಡಿದೀರಲ್ಲ, ನಿಮಗೆ ಗೊತ್ತಿರುತ್ತೆ."

ನನಗೆ ಗೊತ್ತಿರುತ್ತೆ ಅಂದುಕೊಂಡು ಕೇಳಿದ. ಗೊತ್ತಿದ್ದರೆ ನನ್ನ ಮಗನ ವಿಷಯದಲ್ಲಿ ಆ ತಪ್ಪು ಮಾಡುತ್ತಲೇ ಇರಲಿಲ್ಲ. ಅಲ್ಲಿ ನಿಂತು ಹೇಳಿ ಮುಗಿಸುವ ಮಾತಾಗಿರಲಿಲ್ಲ, "ಸಾಯಂಕಾಲ ಮನೆಗೆ ಬಾ" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೇಷ್ಟ್ರಲ್ಲ. ಬೂದಿಕೋಟೆ ಕಡೆ ಮೂರೆಕರೆ ಜಮೀನು, ಅದರಲ್ಲಿ ರಾಗಿ, ಸ್ವಲ್ಪ ಹಿಪ್ಪುನೇರಳೆ, ಒಂದಿಷ್ಟು ಮಾವು, ಮನೆಯಲ್ಲಿ ಎರಡು ಹಸು ಇಟ್ಟುಕೊಂಡಿರುವ ರೈತ. ಆದರೆ ಹೊಲದಲ್ಲಿ ಎಡವಿದ್ದನ್ನು ಪತ್ರಿಕೆಯಲ್ಲಿ ಬರೆದು ಇನ್ನೊಬ್ಬರನ್ನು ಎಚ್ಚರಿಸುತ್ತೇವಲ್ಲ, ಮನೆಯಲ್ಲಿ ಎಡವಿದ್ದನ್ನೂ ಬರೆದರೆ ತಪ್ಪಿಲ್ಲ.

ನಾನು ಮಾಡಿದ ತಪ್ಪು

ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾದದ್ದು 2015ರಲ್ಲಿ. ನಮ್ಮ ಕಡೆ ಬೆಳಗಿನ ಜಾವದ ರೈಲು ನೋಡಿದವರಿಗೆ ಗೊತ್ತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಹತ್ತಿದವರಿಂದಲೇ ಬೋಗಿ ಅರ್ಧ ತುಂಬಿರುತ್ತದೆ, ಬಂಗಾರಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರೂ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಆ ರೈಲಿನಲ್ಲಿ ನಾಲ್ಕು ಸಲ ಓಡಾಡಿದರೆ ಯಾರಿಗಾದರೂ ಅನ್ನಿಸುತ್ತದೆ, ಇನ್ನು ಮುಂದೆ ಕಂಪ್ಯೂಟರು ಕಲಿತವನಿಗೆ ಮಾತ್ರ ಅನ್ನ ಅಂತ. ನನಗೂ ಹಾಗೇ ಅನ್ನಿಸಿತು.

ಊರಿಂದ ದೂರದ ಒಂದು ಖಾಸಗಿ ಪಿಯು ಕಾಲೇಜಿನವರು ಹಳ್ಳಿ ಹಳ್ಳಿಗೆ ಬಂದು ಪಾಂಪ್ಲೆಟ್ ಹಂಚಿದ್ದರು. ಹೋಗಿ ವಿಚಾರಿಸಿದೆ. "ಪಿಸಿಎಂಸಿ ಹಾಕಿ ಸ್ವಾಮಿ, ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸು. ಇಂಜಿನಿಯರಿಂಗ್‌ಗೆ ಹೋಗುವವನಿಗೆ ಬಯಾಲಜಿ ಯಾಕೆ? ಕಪ್ಪೆ ಕೊಯ್ದು ಏನಾಗಬೇಕು?" ಅಂದರು. ಮಗನನ್ನು ನಾನು ಒಂದು ಮಾತು ಕೇಳಲಿಲ್ಲ. ಹಾಸ್ಟೆಲ್ಲು, ಕೋಚಿಂಗು ಎಲ್ಲ ಸೇರಿ ಎರಡು ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ ಆಯಿತು. ಡ್ರಿಪ್ ಹಾಕಿಸಲು ಕಟ್ಟುತ್ತಿದ್ದ ಚೀಟಿ ಎತ್ತಿದೆ, ಒಂದು ಹಸು ಮಾರಿದೆ, ಉಳಿದದ್ದಕ್ಕೆ ಸಾಲ.

ಎರಡನೇ ಪಿಯುಸಿಯ ದಸರಾ ರಜೆಗೆ ಮಗ ಮನೆಗೆ ಬಂದಿದ್ದ. ಆಗ ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾವಿನ ಬಗ್ಗೆ ಒಂದು ತರಬೇತಿಗೆ ಹೋಗುವುದಿತ್ತು, ಅವನನ್ನೂ ಕರೆದುಕೊಂಡು ಹೋದೆ. ಅಲ್ಲೇ ಟಮಕದಲ್ಲಿ ತೋಟಗಾರಿಕೆ ಕಾಲೇಜೂ ಇದೆ, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ್ದು. ಅಲ್ಲಿನ ಹುಡುಗರು ಕಸಿ ಕಟ್ಟುವುದನ್ನು ನೋಡುತ್ತಾ ನಿಂತುಬಿಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ, "ಅಪ್ಪಾ, ನಾನು ಇದನ್ನೇ ಓದ್ತೀನಿ" ಅಂದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತು ರಾತ್ರಿ ಅವರಮ್ಮನಿಗೆ ಎರಡು ಸಲ ಹೇಳಿದೆ.

ಮುಂದೆ ಸಿಇಟಿ ಅರ್ಜಿ ಹಾಕುವಾಗ ಕೈಪಿಡಿ ಓದಿದರೆ ಗೊತ್ತಾಯಿತು. ಬಿಎಸ್‌ಸಿ ಕೃಷಿಗಾಗಲಿ ತೋಟಗಾರಿಕೆಗಾಗಲಿ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಲೇಬೇಕು. ರೈತನ ಮಗ, ರೈತರ ಕೋಟಾಗೆ ಹಕ್ಕುದಾರ, ಗದ್ದೆ ಕೆಲಸ ಬಲ್ಲವನು. ಆದರೆ ಅರ್ಜಿ ಹಾಕುವ ಯೋಗ್ಯತೆಯೇ ಇಲ್ಲ. ಯಾಕೆಂದರೆ ಹದಿನಾರನೇ ವಯಸ್ಸಿನಲ್ಲಿ ಅವನ ಪರವಾಗಿ ನಾನು ಒಂದು ಕಾಲಂಗೆ ಟಿಕ್ ಹಾಕಿದ್ದೆ.

ಮಗ ಇಂಜಿನಿಯರಿಂಗ್ ಓದಿದ. ಈಗ ಅದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾನೆ. ಸಂಬಳ ಬರುತ್ತದೆ, ಸಾಲ ತೀರುತ್ತಿದೆ, ನನ್ನನ್ನು ಒಂದು ದಿನವೂ ದೂರಿಲ್ಲ. ಭಾನುವಾರ ಬಂದರೆ ಮಾತ್ರ ಬೆಳಗಾಗುತ್ತಲೇ ಮಾವಿನ ತೋಪಿಗೆ ಹೋಗಿ ಕೂತಿರುತ್ತಾನೆ. ಅದನ್ನು ನೋಡಿದಾಗ ನನಗೆ ಊಟ ಸೇರುವುದಿಲ್ಲ.

ಯಾವುದಕ್ಕೆ ಯಾವುದು ಬೇಕು

ಈ ಲೆಕ್ಕವನ್ನು ನನಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ. ಹೇಳಿದರೆ ಹತ್ತು ನಿಮಿಷದ ಕೆಲಸ.

ಪಿಯುಸಿ ಸೈನ್ಸ್‌ನಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲರಿಗೂ ಇರುತ್ತದೆ. ಗಣಿತವೂ ಸಾಮಾನ್ಯವಾಗಿ ಇರುತ್ತದೆ. ಜಗಳವಿರುವುದು ನಾಲ್ಕನೆಯದಕ್ಕೆ. ಅಲ್ಲಿ ಜೀವಶಾಸ್ತ್ರ ತೆಗೆದುಕೊಂಡರೆ ಪಿಸಿಎಂಬಿ, ಕಂಪ್ಯೂಟರ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರ ಆದರೆ ಪಿಸಿಎಂಎಸ್.

ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಭೌತ, ರಸಾಯನ, ಗಣಿತ ಈ ಮೂರೇ. ಪಿಯುಸಿಯ ಈ ಮೂರರ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನಾಲ್ಕನೇ ವಿಷಯ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಇಂಜಿನಿಯರಿಂಗ್ ಸೇರಬೇಕಾದರೂ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಬೇಕು ಅಂತೇನೂ ಇಲ್ಲ. ಈ ಒಂದು ಮಾತು ನನಗೆ 2015ರಲ್ಲಿ ಗೊತ್ತಿದ್ದರೆ ಸಾಕಾಗಿತ್ತು.

ಈಗ ಇನ್ನೊಂದು ಕಡೆ ನೋಡಿ. ಬಿಎಸ್‌ಸಿ ಕೃಷಿ, ತೋಟಗಾರಿಕೆ, ರೇಷ್ಮೆ, ಅರಣ್ಯ, ಪಶುವೈದ್ಯ, ನರ್ಸಿಂಗ್, ಎಂಬಿಬಿಎಸ್, ಆಯುರ್ವೇದ, ಇವಕ್ಕೆಲ್ಲ ಜೀವಶಾಸ್ತ್ರ ಬೇಕೇ ಬೇಕು. ನಮಗೆ ಹತ್ತಿರದ ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕಾಲೇಜಿದೆ, ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಎರಡಕ್ಕೂ ಇದೇ ಮಾತು. ಬಿ.ಫಾರ್ಮಾಗೆ ಭೌತ, ರಸಾಯನದ ಜೊತೆ ಗಣಿತ ಅಥವಾ ಜೀವಶಾಸ್ತ್ರ ಎರಡರಲ್ಲೊಂದಿದ್ದರೆ ಆಗುತ್ತದೆ. ಕೃಷಿ ಇಂಜಿನಿಯರಿಂಗ್ ಅಂತ ಬಿ.ಟೆಕ್ ಇದೆ, ಪಂಪು, ಟ್ರಾಕ್ಟರು, ನೀರಾವರಿ ಅದರ ವಿಷಯ, ಅದಕ್ಕೆ ಗಣಿತ ಬೇಕು.

ಅಂದರೆ ಪಿಸಿಎಂಬಿ ಓದಿದವನು ಇಂಜಿನಿಯರಿಂಗ್ ಕಡೆಗೂ ಹೋಗಬಹುದು, ಕೃಷಿ, ನರ್ಸಿಂಗ್ ಕಡೆಗೂ ಹೋಗಬಹುದು. ಪಿಸಿಎಂಸಿ ಓದಿದವನು ಈ ಕಡೆ ಬರಲಾರ. 2023ರಲ್ಲಿ ವೈದ್ಯಕೀಯ ಆಯೋಗದವರು ಎಂಬಿಬಿಎಸ್ ಮಟ್ಟಿಗೆ, ಪಿಯುಸಿ ಆದಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮುಗಿಸಿದರೂ ಆಗುತ್ತದೆ ಎಂದು ಸಡಿಲ ಮಾಡಿದ್ದಾರೆ. ಆದರೆ ಮೊದಲೇ ಸುಲಭವಾಗಿ ಸಿಗುತ್ತಿದ್ದುದನ್ನು ಬಿಟ್ಟು ಆಮೇಲೆ ಸುತ್ತುಬಳಸಿ ಹೋಗುವುದು ಬಡವರ ಮಕ್ಕಳಿಗೆ ಆಗುವ ಕೆಲಸವಲ್ಲ.

ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಹತ್ತು ಸಾಲು ರಾಗಿಗೆ ಒಂದು ಸಾಲು ಅವರೆಯೋ ತೊಗರಿಯೋ. ಮಳೆ ಕೈಕೊಟ್ಟು ರಾಗಿ ಹೋದರೂ ಸಾರಿಗೆ ಕಾಳು ಉಳಿಯುತ್ತಿತ್ತು. ಅದಕ್ಕೆ ಬೇರೆ ಜಮೀನೂ ಬೇಕಿರಲಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಆ ಸಾಲು. ಹದಿನಾರು ವರ್ಷದ ಮಗುವಿಗೆ ಮುಂದೇನು ಬೇಕಾಗುತ್ತದೆ ಎಂದು ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಒಂದನ್ನೇ ನಂಬಿದ ಊರು

ಒಂದನ್ನೇ ನಂಬಿದರೆ ಏನಾಗುತ್ತದೆ ಅಂತ ಬೇರೆ ಊರಿನವರಿಗೆ ಪುಸ್ತಕದಲ್ಲಿ ಓದಿ ತಿಳಿಯಬೇಕು. ನಮಗೆ ಕೆಜಿಎಫ್ ಪಕ್ಕದಲ್ಲೇ ಇದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಮೇಲೆ ಅಲ್ಲಿ ನೂರಿಪ್ಪತ್ತು ವರ್ಷ ಚಿನ್ನ ತೆಗೆದರು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಬಂದದ್ದು ಈ ಗಣಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಪ್ಪ ಗಣಿಗೆ ಇಳಿದರೆ ಮಗನೂ ಗಣಿಗೆ. ಬೇರೆ ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂಡೆ ಕೊರೆಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡವರು ಮರುದಿನದಿಂದ ಏನು ಮಾಡುವುದು ಅಂತ ತಿಳಿಯದೆ ಕೂತರು. ಆ ಬೆಳಗಿನ ರೈಲು ಅಷ್ಟೊಂದು ತುಂಬುವುದಕ್ಕೆ ಅದೂ ಒಂದು ಕಾರಣ. ಅವರ ದುಡಿಮೆಯಲ್ಲಿ ಕೊರತೆ ಇರಲಿಲ್ಲ. ಕೈಯಲ್ಲಿ ಎರಡನೇ ವಿದ್ಯೆ ಇರಲಿಲ್ಲ.

ಇವತ್ತು ಕಂಪ್ಯೂಟರ್ ಕೆಲಸದ ಬಗ್ಗೆ ಜನ ಆಡುವ ಮಾತು ಕೇಳಿದರೆ, ಅವತ್ತು ಚಿನ್ನದ ಬಗ್ಗೆ ಹೀಗೇ ಆಡಿರಬೇಕು ಅನ್ನಿಸುತ್ತದೆ. ಕಂಪ್ಯೂಟರು ಬೇಡ ಅನ್ನುತ್ತಿಲ್ಲ. ನನ್ನ ಮಗನ ಅನ್ನ ಅದರಿಂದಲೇ. ಅದೊಂದೇ ಅಂತ ಹಟ ಹಿಡಿಯುವುದು ಬೇಡ ಅನ್ನುತ್ತೇನೆ.

ಅದೇ ಕೆಜಿಎಫ್‌ನ ಇನ್ನೊಂದು ಸಂಗತಿ ಮಕ್ಕಳಿಗೆ ಹೇಳಬೇಕು. 1965ರಲ್ಲಿ ಅದೇ ಚಾಂಪಿಯನ್ ರೀಫ್ ಗಣಿಯ ಒಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಆಕಾಶದಿಂದ ಬರುವ ಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ಕಣ ಅದು. ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆದು ನಿಲ್ಲಿಸುತ್ತದೆ, ಇದೊಂದೇ ಅಷ್ಟು ಆಳ ಇಳಿಯುತ್ತದೆ. ಅದಕ್ಕೇ ಅಷ್ಟು ಆಳಕ್ಕೆ ಹೋಗಿದ್ದರು. ಆ ಜಾತಿಯ ಕಣವನ್ನು ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಇವರು ಸೇರುತ್ತಾರೆ. ಫಿಸಿಕ್ಸ್ ಅಂದರೆ ನಮಗಲ್ಲ, ಬೆಂಗಳೂರಿನವರಿಗೆ ಅನ್ನುವ ಮಗುವಿಗೆ ಇದನ್ನು ಹೇಳಿ. ನಾವು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ತರಕಾರಿ ಹೊತ್ತುಕೊಂಡು ಹೋಗುವ ರಸ್ತೆಯ ಕೆಳಗೇ ನಡೆದ ಕೆಲಸ ಅದು.

"ಪಿಸಿಎಂಬಿ ಭಾರ ಅಲ್ವಾ?"

ನನ್ನ ಮಾತು ಕೇಳಿ ಪಕ್ಕದ ಹೊಲದವನು ಮೊದಲು ಕೇಳಿದ್ದು ಇದನ್ನೇ. ಭಾರ ಹೌದು. ಜೀವಶಾಸ್ತ್ರದಲ್ಲಿ ಬಾಯಿಪಾಠ ಜಾಸ್ತಿ, ಚಿತ್ರ ಜಾಸ್ತಿ, ಹೆಸರುಗಳು ಜಾಸ್ತಿ. ಅದರ ಜೊತೆ ಗಣಿತವೂ. ಆದರೆ ಎರಡನ್ನೂ ಒಂದೇ ಸಮ ಹೊರಬೇಕಾಗಿಲ್ಲ. ಎರಡನೇ ವರ್ಷಕ್ಕೆ ಬರುವಾಗ ಮಗುವಿನ ಮನಸ್ಸು ಯಾವ ಕಡೆ ಎಂದು ತಿಳಿದಿರುತ್ತದೆ. ಇಂಜಿನಿಯರಿಂಗ್ ಕಡೆ ಆದರೆ ಜೀವಶಾಸ್ತ್ರ ಪಾಸು ಮಾಡಿದರೆ ಸಾಕು. ನರ್ಸಿಂಗೋ ವೈದ್ಯಕೀಯವೋ ಆದರೆ ಗಣಿತ ಪಾಸು ಮಾಡಿದರೆ ಸಾಕು.

ಹತ್ತನೇ ಕ್ಲಾಸಿನ ಗಣಿತದಲ್ಲೇ ಒದ್ದಾಡಿ ಪಾಸಾದ ಮಗುವನ್ನು ಸೈನ್ಸ್‌ಗೆ ನೂಕಬೇಡಿ ಎಂದೂ ಹೇಳುತ್ತೇನೆ. ಅಂಥವರಿಗೆ ಬೇರೆ ದಾರಿಗಳಿವೆ. ಎಸ್ಸೆಸ್ಸೆಲ್ಸಿ ಆದಮೇಲೆ ಕೃಷಿ ವಿಶ್ವವಿದ್ಯಾಲಯದವರ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಅದನ್ನು ಕನ್ನಡದಲ್ಲೇ ಕಲಿಸುತ್ತಾರೆ. ಪಾಲಿಟೆಕ್ನಿಕ್ ಇದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಕಾಮರ್ಸ್ ಓದಿ ಬಿಸಿಎ ಮಾಡಿ ಕಂಪ್ಯೂಟರ್ ಕೆಲಸ ಹಿಡಿದವರೂ ನಮ್ಮ ಊರಲ್ಲೇ ಇದ್ದಾರೆ. ಸೈನ್ಸ್ ತಗೊಂಡರೆ ಮರ್ಯಾದೆ, ಬೇರೆ ತಗೊಂಡರೆ ದಡ್ಡ ಅನ್ನುವ ಮಾತು ಮದುವೆ ಮನೆಗಳಲ್ಲಿ ಹುಟ್ಟಿದ್ದು. ಮಗುವನ್ನು ಹತ್ತು ವರ್ಷ ನೋಡಿದ ಶಾಲೆಯ ಮೇಷ್ಟ್ರನ್ನು ಕೇಳಿ.

ಇನ್ನು ಕಂಪ್ಯೂಟರ್ ಮೇಲೇ ಪ್ರಾಣ ಇಟ್ಟಿರುವ, ಹುಳ ಹುಪ್ಪಟೆ ಕಂಡರೆ ಮುಖ ತಿರುಗಿಸುವ ಮಗು ಇದ್ದರೆ ಪಿಸಿಎಂಸಿ ಧಾರಾಳವಾಗಿ ಕೊಡಿಸಿ. ಮಗು ತಾನೇ ಆರಿಸಿಕೊಂಡದ್ದಕ್ಕೂ ಅಪ್ಪ ಹೆದರಿ ಆರಿಸಿದ್ದಕ್ಕೂ ವ್ಯತ್ಯಾಸವಿದೆ.

ಕಾಲೇಜು ನೋಡುವುದು ಹೇಗೆ

ಹಸು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಎರಡು ಹೊತ್ತು ನಿಂತು ಹಾಲು ಕರೆಸಿ ನೋಡುತ್ತೇವೆ. ಮಗುವಿನ ಕಾಲೇಜಿಗೆ ಹೋದರೆ ಕಟ್ಟಡ ನೋಡಿ ಬರುತ್ತೇವೆ. ನಾನೂ ಹಾಗೇ ಮಾಡಿದ್ದು. ಮಗನನ್ನು ಸೇರಿಸಿದ ಕಾಲೇಜಿನಲ್ಲಿ ಗೋಡೆ ತುಂಬ ರ‍್ಯಾಂಕ್ ಬಂದವರ ಫೋಟೊ ಇತ್ತು. ಲ್ಯಾಬಿನ ಬಾಗಿಲಿಗೆ ಬೀಗ ಇತ್ತು. ಮೊದಲ ವರ್ಷ ಪೂರ್ತಿ ಅದನ್ನು ತೆಗೆಯಲಿಲ್ಲ ಅಂತ ಮಗ ಆಮೇಲೆ ಹೇಳಿದ.

ಭೌತ, ರಸಾಯನ, ಜೀವಶಾಸ್ತ್ರ ಒಂದೊಂದರಲ್ಲೂ ನೂರಕ್ಕೆ ಮೂವತ್ತು ಅಂಕ ಪ್ರಾಯೋಗಿಕ ಪರೀಕ್ಷೆಗೆ. ಲ್ಯಾಬು ಸರಿಯಿಲ್ಲದ ಕಾಲೇಜಿನಲ್ಲೂ ಅಂಕ ಹೇಗೋ ಬರುತ್ತದೆ ಅನ್ನುವವರಿದ್ದಾರೆ. ಅಂಕ ಬರಬಹುದು, ವಿದ್ಯೆ ಬರುವುದಿಲ್ಲ. ಮುಂದೆ ಕಾಲೇಜಿಗೆ ಹೋದಾಗ ಮೈಕ್ರೊಸ್ಕೋಪ್ ಮುಂದೆ ಕಣ್ಣು ಕಣ್ಣು ಬಿಡುವುದು ಮಗುವೇ.

ಕಾಲೇಜಿಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನಾಲ್ಕೂ ವಿಷಯಕ್ಕೆ ಲೆಕ್ಚರರ್ ಇದ್ದಾರಾ? ಹೋದ ವರ್ಷ ಎಷ್ಟು ತಿಂಗಳು ಯಾವ ವಿಷಯಕ್ಕೆ ಪಾಠ ಇರಲಿಲ್ಲ? ಮೊದಲ ಪಿಯುಸಿಯಲ್ಲಿ ವಾರಕ್ಕೆ ಎಷ್ಟು ದಿನ ಲ್ಯಾಬು ತೆಗೆಯುತ್ತೀರಿ? ಇದನ್ನು ಆಫೀಸಿನವರನ್ನು ಕೇಳುವುದಕ್ಕಿಂತ ಗೇಟಿನ ಹೊರಗೆ ಬಸ್ಸಿಗೆ ಕಾಯುವ ಮಕ್ಕಳನ್ನು ಕೇಳಿದರೆ ನಿಜ ಸಿಗುತ್ತದೆ. ಫೋಟೊದಲ್ಲಿರುವ ಹತ್ತು ಮಕ್ಕಳ ಬದಲು, ಸೇರಿದ ಎಲ್ಲರಲ್ಲಿ ಎಷ್ಟು ಜನ ಪಾಸಾದರು ಅಂತ ವಿಚಾರಿಸಿ.

ಈ ಪರೀಕ್ಷೆಯಲ್ಲಿ ಹತ್ತಿರದ ಸರ್ಕಾರಿ ಕಾಲೇಜು ಗೆದ್ದರೆ ಅಲ್ಲಿಗೇ ಸೇರಿಸಿ. ಉಳಿದ ದುಡ್ಡು ಡಿಗ್ರಿಗೆ ಬೇಕಾಗುತ್ತದೆ. ಪಿಯುಸಿಗೇ ಜಮೀನು ಒತ್ತೆ ಇಟ್ಟವನಿಗೆ ಸೀಟು ಸಿಕ್ಕಾಗ ಕಟ್ಟಲು ಏನೂ ಇರುವುದಿಲ್ಲ. ಇದು ಸಾವಿರದಿನ್ನೂರು ಅಡಿ ಬೋರ್‌ವೆಲ್ ಕೊರೆಸಿ, ನೀರು ಬಂದಮೇಲೆ ಮೋಟಾರಿಗೆ ದುಡ್ಡಿಲ್ಲದೆ ಕೂತಂತೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಇರುವ ಹಕ್ಕುಗಳು

ಸಣ್ಣ ರೈತರ ಮಕ್ಕಳಿಗೆ ಸಿಇಟಿಯಲ್ಲಿ ಮೂರು ಅನುಕೂಲಗಳಿವೆ. ಮೂರೂ ಗೊತ್ತಿಲ್ಲದೆ ಕಳೆದುಕೊಳ್ಳುವವರೇ ಹೆಚ್ಚು.

ಮೊದಲನೆಯದು ಗ್ರಾಮೀಣ ಮೀಸಲಾತಿ, ಶೇಕಡಾ 15. ಇದಕ್ಕೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಎರಡನೆಯದು ಕನ್ನಡ ಮಾಧ್ಯಮದವರಿಗೆ ಶೇಕಡಾ 5. ಇದಕ್ಕೂ ಒಂದರಿಂದ ಹತ್ತು ಕನ್ನಡ ಮಾಧ್ಯಮ. ಐದನೇ ಕ್ಲಾಸಿಗೆ ಮಗುವನ್ನು ವ್ಯಾನು ಹತ್ತಿಸಿ ಪೇಟೆಯ ಕಾನ್ವೆಂಟಿಗೆ ಕಳಿಸಿದವರಿಗೆ ಇವೆರಡೂ ಸಿಗುವುದಿಲ್ಲ. ಕಾನ್ವೆಂಟು ತಪ್ಪು ಅಂತಲ್ಲ, ಏನು ಬಿಟ್ಟುಕೊಡುತ್ತಿದ್ದೇವೆ ಅಂತ ತಿಳಿದು ಬಿಡಬೇಕು. ನಮ್ಮದು ಗಡಿ ಸೀಮೆ. ಮನೆಯಲ್ಲಿ ತೆಲುಗು, ಕೆಜಿಎಫ್‌ಗೆ ಹೋದರೆ ತಮಿಳು. ಆದರೂ ಊರ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮಗುವಿಗೆ ಈ ಹಕ್ಕಿದೆ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಓ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಮೂರನೆಯದು ರೈತರ ಕೋಟಾ. ಕೃಷಿ, ತೋಟಗಾರಿಕೆ ಮೊದಲಾದ ಕೋರ್ಸುಗಳಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸೀಟು ಕೃಷಿಕರ ಮಕ್ಕಳಿಗೆ ಇಟ್ಟಿದ್ದಾರೆ. ಇದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಗಿಡ, ಹುಳ, ಸಲಕರಣೆ ಗುರುತಿಸಬೇಕು, ಉಪಯೋಗ ಹೇಳಬೇಕು. ನಮ್ಮ ಮಕ್ಕಳು ಹುಟ್ಟಿದಾಗಿಂದ ನೋಡಿದ್ದೇ. ಆದರೂ ಹತ್ತನೇ ಕ್ಲಾಸಾದಮೇಲೆ ಹಾಸ್ಟೆಲ್ಲಿಗೆ ಹೋಗಿ ಹೊಲ ಮರೆತ ಮಗು ಸಾಮೆ ಯಾವುದು ನವಣೆ ಯಾವುದು ಅಂತ ತಡವರಿಸುತ್ತದೆ. ರಜೆಯಲ್ಲಿ ಬೀಜದ ಅಂಗಡಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಯೂರಿಯಾ, ಡಿಎಪಿ, ಪೊಟ್ಯಾಷ್ ಕೈಯಲ್ಲಿ ಹಿಡಿದು ನೋಡಲಿ.

ಈ ನಿಯಮಗಳಲ್ಲಿ ಸಣ್ಣಪುಟ್ಟ ಬದಲಾವಣೆ ವರ್ಷ ವರ್ಷ ಆಗುತ್ತಿರುತ್ತದೆ. ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಮಗು ಮೊದಲ ಪಿಯುಸಿಯಲ್ಲಿ ಇರುವಾಗಲೇ ಒಂದು ಸಲ ಕೂತು ಓದಿ. ನಾನು ಎರಡು ವರ್ಷ ತಡವಾಗಿ ಓದಿದೆ.

ಕನ್ನಡದಿಂದ ಇಂಗ್ಲಿಷಿಗೆ

ಸೈನ್ಸ್ ಬಿಟ್ಟು ಬರುವ ಹಳ್ಳಿ ಮಕ್ಕಳಲ್ಲಿ ಬಹಳ ಜನ ಮೊದಲ ಮೂರು ತಿಂಗಳಲ್ಲೇ ಬಿಡುತ್ತಾರೆ. ವಿಷಯ ಕಷ್ಟ ಅಂತಲ್ಲ, ಹೆಸರು ಬೇರೆಯಾಯಿತು ಅಂತ. ವೇಗೋತ್ಕರ್ಷ ಅಂತ ಚೆನ್ನಾಗಿ ಕಲಿತ ಮಗು ಆಕ್ಸಲರೇಷನ್ ಅಂದಕೂಡಲೇ ಹೊಸದೇನೋ ಅಂದುಕೊಂಡು ಹೆದರುತ್ತದೆ. ದ್ಯುತಿಸಂಶ್ಲೇಷಣೆಗೂ ಫೋಟೊಸಿಂಥೆಸಿಸ್‌ಗೂ ಎಲೆ ಒಂದೇ, ಬಿಸಿಲು ಒಂದೇ.

ಪಕ್ಕದ ಹೊಲದವನಿಗೆ ಹೇಳಿದೆ, ಈ ರಜೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದುಕೊಡು. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಕನ್ನಡ ಪದ ಎಡಗಡೆ, ಅದೇ ಪಾಠದ ಇಂಗ್ಲಿಷ್ ಪುಸ್ತಕದ ಪದ ಬಲಗಡೆ ಬರೆಯಲಿ. ಎರಡೂ ಪುಸ್ತಕ ಸರ್ಕಾರದ್ದೇ, ಪಾಠಗಳೂ ಅವೇ. ದಿನಕ್ಕೆ ಹತ್ತು ಪದ ಆದರೆ ಕಾಲೇಜು ತೆಗೆಯುವ ಹೊತ್ತಿಗೆ ಮುನ್ನೂರು ನಾನೂರು ಪದ ಆಗುತ್ತದೆ. ಖರ್ಚು ಒಂದು ನೋಟ್‌ಬುಕ್ಕಿನದು.

ಈ ಸಲ ನಮ್ಮ ಮನೆಯಲ್ಲಿ

ನನ್ನ ಮಗಳೂ ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಡೇರಿಯಲ್ಲಿ ಪಕ್ಕದ ಹೊಲದವನಿಗೆ ತಕ್ಷಣ ಉತ್ತರ ಕೊಡಲು ನನಗೆ ಆಗದೇ ಇದ್ದುದಕ್ಕೆ ಅದೂ ಕಾರಣ. ನಮ್ಮ ಮನೆಯಲ್ಲೂ ಅದೇ ಚರ್ಚೆ ನಡೀತಿತ್ತು.

ಎರಡು ವರ್ಷದ ಹಿಂದೆ ನಮ್ಮ ರೇಷ್ಮೆ ಹುಳುವಿನ ಒಂದು ಬೆಳೆ ಪೂರ್ತಿ ಹೋಯಿತು. ಗಂಟುರೋಗ ಇರಬಹುದು ಅಂತ ಅನುಮಾನ. ಹುಳುವನ್ನು ಪರೀಕ್ಷೆಗೆ ತೆಗೆದುಕೊಂಡು ಹೋದಾಗ ಮಗಳೂ ಬಂದಿದ್ದಳು. ಹುಳುವನ್ನು ಅರೆದು ಒಂದು ಹನಿ ಗಾಜಿನ ಮೇಲಿಟ್ಟು ಮೈಕ್ರೊಸ್ಕೋಪಿನಲ್ಲಿ ಅವಳಿಗೂ ತೋರಿಸಿದರು. ಹೊಳೆಯುವ ಸಣ್ಣ ಸಣ್ಣ ಮೊಟ್ಟೆಯಾಕಾರದ ಕಾಳುಗಳು. ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನ ಲೂಯಿ ಪಾಶ್ಚರ್ ಇದೇ ರೋಗದ ಹಿಂದೆ ಬಿದ್ದು, ತಾಯಿ ಚಿಟ್ಟೆಯನ್ನು ಪರೀಕ್ಷೆ ಮಾಡಿ ಆರೋಗ್ಯವಾದ ಮೊಟ್ಟೆ ಮಾತ್ರ ಆರಿಸುವ ದಾರಿ ಕಂಡುಹಿಡಿದ, ನಾವು ತರುವ ರೋಗಮುಕ್ತ ಮೊಟ್ಟೆ ಇವತ್ತಿಗೂ ಅದೇ ದಾರಿಯದು ಅಂತ ಅಲ್ಲಿದ್ದವರು ಹೇಳಿದರು. ಮಗಳು ಮನೆಗೆ ಬಂದು ಆ ಕಾಳುಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದಳು. ಈಗಲೂ ಇದೆ.

ಅಣ್ಣನೇ ಅವಳ ಪರವಾಗಿ ಮಾತಾಡಿದ. "ಅಪ್ಪಾ, ಈ ಸಲ ಅವಳನ್ನೇ ಕೇಳು" ಅಂದ. ಕೇಳಿದೆ. "ಪಿಸಿಎಂಬಿ ತಗೋತೀನಿ. ಮುಂದೆ ಏನು ಅಂತ ಈಗಲೇ ಕೇಳಬೇಡ" ಅಂದಳು. ಕೇಳುವುದಿಲ್ಲ ಅಂದೆ. ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ನಾನೂ ಮಗನೂ ಹೋಗಿ, ಗೇಟಿನ ಹೊರಗೆ ನಿಂತ ಮಕ್ಕಳನ್ನು ವಿಚಾರಿಸಿ, ಲ್ಯಾಬು ತೆಗೆಸಿ ನೋಡಿ ಬಂದೆವು. ಒಂದು ವಿಷಯಕ್ಕೆ ಈಗ ಗೆಸ್ಟ್ ಲೆಕ್ಚರರ್ ಇದ್ದಾರೆ, ಅದೊಂದು ಚಿಂತೆ. ಉಳಿದದ್ದು ಸರಿ ಕಂಡಿತು. ಬಸ್ ಪಾಸಿಗೆ ಅರ್ಜಿ ಬರೆದಾಯಿತು.

ಪಕ್ಕದ ಹೊಲದವನು ತನ್ನ ಮಗಳನ್ನೂ ಅಲ್ಲಿಗೇ ಸೇರಿಸುತ್ತಾನಂತೆ. ಇಬ್ಬರು ಹೆಣ್ಣುಮಕ್ಕಳು ಒಂದೇ ಬಸ್ಸಿನಲ್ಲಿ ಹೋಗಿಬಂದರೆ ಎರಡು ಮನೆಯವರಿಗೂ ನೆಮ್ಮದಿ. ಅವನು ಯಾವ ಕಾಂಬಿನೇಷನ್ ಆರಿಸಿದ ಅಂತ ಕೇಳಿದೆ. "ನಾನ್ಯಾಕಣ್ಣ ಆರಿಸಲಿ, ನೀವೇ ಹೇಳಿದ್ರಲ್ಲ, ಅವಳನ್ನೇ ಕೇಳಿದೆ" ಅಂದ.

ಬೇರೆ ತಾಲ್ಲೂಕಿನ ರೈತ ಬಂಧುಗಳು ತಮ್ಮ ಮಕ್ಕಳ ವಿಷಯದಲ್ಲಿ ಏನು ಮಾಡಿದಿರಿ, ಎಲ್ಲಿ ಎಡವಿದಿರಿ ಎಂದು ಬರೆಯಿರಿ. ಅಂಕಪಟ್ಟಿ ಕೈಗೆ ಬಂದಮೇಲೆ ಯೋಚಿಸಲು ಸಿಗುವುದು ಕೆಲವೇ ದಿನ. ಮುಂದಿನ ವರ್ಷ ಆ ದಿನಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.